ಇಷ್ಟು ಸ್ವಚ್ಛವಾಗಿದ್ದರೂ ಉರಿಮೂತ್ರ ಮತ್ತೆ ಮತ್ತೆ ಯಾಕೆ ಬರುತ್ತದೆ?

ಆರು ತಿಂಗಳಲ್ಲಿ ಮೂರು ಸಲ ಬಂತು, ಮನೆಯವರು ನೀನು ಸ್ವಚ್ಛವಾಗಿಲ್ಲ ಅಂತಾರೆ, ನನ್ನದೇ ತಪ್ಪಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಮೊದಲು ಅದನ್ನು ಮನಸ್ಸಿಂದ ತೆಗೆದುಹಾಕಿ.

ನಾನು ಲ್ಯಾಬಿನಲ್ಲಿ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ಪತ್ತೆಹಚ್ಚುವ ಪರೀಕ್ಷೆ) ನೋಡುವವಳು. ಬೆಳಿಗ್ಗೆ ಇನ್‌ಕ್ಯುಬೇಟರ್ ತೆಗೆದರೆ ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಪ್ಲೇಟಿನ ಮೇಲೆ, ನಿನ್ನೆ ಮೂತ್ರದಿಂದ ಗೆರೆ ಎಳೆದಲ್ಲೆಲ್ಲ, ಗುಲಾಬಿ ಚುಕ್ಕೆಗಳು ಎದ್ದಿರುತ್ತವೆ. ಹೆಚ್ಚಿನ ಸಲ ಅದು ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಅದು ನಮ್ಮದೇ ಕರುಳಿಂದ ಬಂದಿರುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ., ಗಂಡಸರದ್ದು 20ರ ಹತ್ತಿರ. ನಮಗೇ ಜಾಸ್ತಿ ಬರುವುದು ಅದಕ್ಕೇ.

ಒಳಗೆ ಹೋದದ್ದು ಮೂತ್ರದ ಜೊತೆ ಕೊಚ್ಚಿಹೋಗಬೇಕಿತ್ತು, ಅಲ್ವಾ? ಹೋಗುವುದಿಲ್ಲ. ಇ. ಕೋಲಿಯ ಮೈಮೇಲೆ ಕೂದಲಿನಂಥ ಎಳೆಗಳಿವೆ. ತುದಿಯಲ್ಲಿರುವ ಫಿಮ್‌ಎಚ್ ಎಂಬ ಪ್ರೋಟೀನು ಮೂತ್ರಕೋಶದ ಗೋಡೆಯ ಮ್ಯಾನೋಸ್ ಸಕ್ಕರೆಯನ್ನು ಕಚ್ಚಿಕೊಳ್ಳುತ್ತದೆ. ಹರಿವು ಎಳೆದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ! ಈ ಎಳೆಗಳಿಗೆ ಡಿಎನ್‌ಎಯಲ್ಲೇ ಒಂದು ಸ್ವಿಚ್ಚಿದೆ. 314 ಅಕ್ಷರಗಳ ಒಂದು ತುಂಡು. ಅದು ಒಂದು ದಿಕ್ಕಿಗಿದ್ದರೆ ಎಳೆ ಬೆಳೆಯುತ್ತದೆ, ತಿರುಗಾಮುರುಗಾ ಆದರೆ ನಿಲ್ಲುತ್ತದೆ. ಎಷ್ಟು ವರ್ಷ ಕಳೆದರೂ ನನಗೆ ಇದು ಬೆರಗೇ.

ಎಳೆಗಳು ಹೆಚ್ಚುಕಡಿಮೆ ಎಲ್ಲ ಇ. ಕೋಲಿಗೂ ಇವೆ. ಕಾಟ ಕೊಡುವ ತಳಿಗಳಲ್ಲಿ ನಮ್ಮ ಕಬ್ಬಿಣ ಕಸಿಯುವ, ವಿಷ ಬಿಡುವ, ಕಿಡ್ನಿಗೆ ಅಂಟುವ ಜೀನ್‌ಗಳೂ ಸೇರಿಕೊಂಡಿರುತ್ತವೆ. ಕೆಲವು ಗೋಡೆಯ ಜೀವಕೋಶದೊಳಗೇ ನುಗ್ಗಿ ಅಡಗುತ್ತವೆ. ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಮಾತ್ರೆ ಮುಗಿದು ವಾರಗಳಾದ ಮೇಲೆ ಮತ್ತೆ ಏಳುವುದಕ್ಕೆ ಇದೂ ಒಂದು ಕಾರಣ. ಕರುಳಿಂದ ಹೊಸದಾಗಿ ಬರುವುದೂ ಉಂಟು.

"ಉಷ್ಣ ಆಗಿದೆ, ಎಳನೀರು ಕುಡಿ" ಅನ್ನುತ್ತಾರಲ್ಲ, ಕುಡಿಯಿರಿ. ನೀರು ಕಮ್ಮಿ ಕುಡಿಯುವವರಿಗೆ ಜಾಸ್ತಿ ಕುಡಿದರೆ ಸೋಂಕು ಮರುಕಳಿಸುವುದು ಕಮ್ಮಿಯಾಗುತ್ತದೆ. ಆದರೆ ಕಳೆದ ಸಲ ಉಳಿದ ಮಾತ್ರೆಯನ್ನು ಸುಮ್ನೆ ನುಂಗಬೇಡಿ, ಈ ಸಲದ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದೇ ಇರಬಹುದು. ಔಷಧಕ್ಕೆ ಬಗ್ಗದಂತೆ ಮಾಡುವ ಜೀನ್‌ಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಲ್ಲಿ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ. ರಿಪೋರ್ಟಿನಲ್ಲಿ ಸಾಲಾಗಿ 'ಆರ್' (ರೆಸಿಸ್ಟೆಂಟ್, ಅಂದರೆ ಆ ಔಷಧಕ್ಕೆ ಬಗ್ಗದ್ದು) ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಿಮಗೆ ಮೂರು ಸಲ ಆಗಿರುವುದರಿಂದ ಡಾಕ್ಟರ ಹತ್ತಿರ ಕಲ್ಚರ್ ಬರೆಸಿಕೊಳ್ಳಿ. ಮೊದಲ ಮಾತ್ರೆಗೆ ಮುಂಚೆಯೇ ಸ್ಯಾಂಪಲ್ ಕೊಡಿ. ಮೊದಲು ಬರುವುದನ್ನು ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ಚಳಿಜ್ವರ, ಪಕ್ಕೆನೋವು ಬಂದರೆ ಮಾತ್ರ ರಿಪೋರ್ಟಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.