ಟಾಂಗಾ ಕುದುರೆಗೆ ಮರುಗುವವರು ನಾಯಿಬಂಡಿ ಹತ್ತಬಹುದೇ?

ಮೈಸೂರಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

"ಸಿಯಾಟಲ್‌ನಲ್ಲಿರುವ ಮಗಳು ಜುಲೈನಲ್ಲಿ ನಮ್ಮಿಬ್ಬರನ್ನೂ ಅಲಾಸ್ಕಾ ಕ್ರೂಸ್‌ಗೆ ಕರ್ಕೊಂಡು ಹೋಗ್ತಾಳಂತೆ. ಜೂನೋ ಅನ್ನೋ ಊರಲ್ಲಿ ಹೆಲಿಕಾಪ್ಟರ್ ಹತ್ತಿ, ಹಿಮನದಿಯ ಮೇಲೆ ಇಳಿದು, ನಾಯಿಗಳು ಎಳೆಯುವ ಬಂಡಿಯಲ್ಲಿ ಕೂರಬೇಕಂತೆ. 'ಅಷ್ಟು ದುಡ್ಡಿಗೆ ಎರಡು ಸಲ ಕಾಶಿಗೆ ಹೋಗಿ ಬರಬಹುದು' ಅಂತಾರೆ ನಮ್ಮ ಯಜಮಾನರು. ನನ್ನ ಚಿಂತೆ ಬೇರೆ. ಅರಮನೆ ಹತ್ತಿರ ಬಿಸಿಲಲ್ಲಿ ನಿಂತ ಟಾಂಗಾ ಕುದುರೆ ನೋಡಿದರೇ ನನಗೆ ಊಟ ಸೇರಲ್ಲ. ಇನ್ನು ನಾಯಿ ಎಳೆಯುವ ಬಂಡಿಯಲ್ಲಿ ಹೇಗೆ ಕೂರಲಿ? ಮಂಡಿನೋವು ಬೇರೆ ಇದೆ."

ಸಂಪಾದಕರ ಉತ್ತರ

ಅಮ್ಮಾ, ನಮಸ್ಕಾರ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಜೂನೋಗೆ ಹೋಗಿದ್ದೇನೆ, ಇದೇ ಹೆಲಿಕಾಪ್ಟರಿಗೆ ದುಡ್ಡು ಕಟ್ಟಿದ್ದೇನೆ, ಆದರೆ ಹತ್ತಿಲ್ಲ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಕ ಹಾಕಿದರು. ಶೂ ಮೇಲೆ ಇನ್ನೊಂದು ದಪ್ಪ ಬೂಟು ತೊಡಿಸಿದರು. ಹೊರಗೆ ಬಂದು ಬೆಟ್ಟದ ಕಡೆ ನೋಡಿದರೆ ಬೆಟ್ಟವೇ ಇಲ್ಲ! ಮಡಿಕೇರಿಯ ಜುಲೈ ನೆನಪಿಸಿಕೊಳ್ಳಿ, ಅದೇ ಮೋಡ, ಅದೇ ಜಿನುಗು ಮಳೆ. ಮುಕ್ಕಾಲು ಗಂಟೆ ಕಾಯಿಸಿ, ಬೂಟು ಬಿಚ್ಚಿಸಿ, ದುಡ್ಡು ವಾಪಸ್ ಕೊಟ್ಟು ಕಳಿಸಿದರು. ಬೇಜಾರಾಯಿತು, ನಿಜ. ಆದರೆ ಮೋಡ ನೋಡಿ ಹಾರಲ್ಲ ಎನ್ನುವ ಪೈಲಟ್ ಮೇಲೆ ಯಾಕೆ ಸಿಟ್ಟು ಮಾಡೋದು?

ಮರುದಿನ ಹಡಗು ಸ್ಕಾಗ್ವೇ ಊರಿನಲ್ಲಿ ನಿಂತಿತು. ಅಲ್ಲಿ ಕಾಡಿನೊಳಗೆ ಬೇಸಿಗೆಯ ನಾಯಿ ಕ್ಯಾಂಪ್ ಇತ್ತು. ಹಿಮ ಇಲ್ಲ, ಹೆಲಿಕಾಪ್ಟರೂ ಇಲ್ಲ. ಚಕ್ರದ ಗಾಡಿಗೆ ನಾಯಿ ಕಟ್ಟಿ ಓಡಿಸುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅಲ್ಲಿ.

ನಾಯಿ ನೋಡಿದ ತಕ್ಷಣ ನಿರಾಸೆಯಾಯಿತು. ನೀಲಿ ಕಣ್ಣು, ತೋಳದ ಮುಖ, ದಪ್ಪ ತುಪ್ಪಳ ಇರುತ್ತದೆ ಅಂದುಕೊಂಡಿದ್ದೆ. ಅಲ್ಲಿದ್ದವು ಸಣಕಲು ನಾಯಿಗಳು. ತೂಕ ಇಪ್ಪತ್ತು, ಇಪ್ಪತ್ತೈದು ಕಿಲೋ ಇರಬಹುದು. ಒಂದು ಕಂದು, ಒಂದು ಕಪ್ಪು, ಒಂದಕ್ಕೆ ಕಿವಿ ಜೋತಿದೆ. ಅಲಾಸ್ಕನ್ ಹಸ್ಕಿ ಅನ್ನೋದು ಶುದ್ಧ ತಳಿಯೇ ಅಲ್ಲ, ನಮ್ಮ ಬೀದಿ ನಾಯಿಗಳ ಹಾಗೆ ಬೆರಕೆ. ರೂಪ ನೋಡಿ ಸಾಕಿದ್ದಲ್ಲ, ಓಟ ನೋಡಿ ಸಾಕಿದ್ದು.

ನಾಯಿ ಓಡಿಸುವವರನ್ನು ಅಲ್ಲಿ ಮಶರ್ ಅಂತಾರೆ. ಅಲ್ಲಿದ್ದ ಮಶರ್ ಹುಡುಗಿ ನಾಯಿಗಳಿಗೆ ಕಟ್ಟುವ ಪಟ್ಟಿಗಳನ್ನು ಕೈಗೆತ್ತಿಕೊಂಡಳು ನೋಡಿ, ಇಡೀ ಕ್ಯಾಂಪ್ ಕಿರುಚಿಕೊಂಡಿತು. ನನ್ನನ್ನು ಕಟ್ಟು, ನನ್ನನ್ನು ಕಟ್ಟು ಅಂತ ಒಂದೊಂದೂ ಎಗರುತ್ತಿದೆ. ಕಟ್ಟಿದವು ಗಾಡಿ ನಿಂತಲ್ಲೇ ಎಳೆಯುತ್ತಿವೆ. ಬಿಟ್ಟುಹೋದವು ಊಳಿಡುತ್ತಿವೆ. ಪಕ್ಕದವರ ಮಾತು ಕೇಳದಷ್ಟು ಗಲಾಟೆ. ಬ್ರೇಕ್ ಬಿಟ್ಟ ಕ್ಷಣ ಎಲ್ಲ ಬಂದ್. ಓಡುವಾಗ ಒಂದೂ ಬೊಗಳಲಿಲ್ಲ. ಪಾದದ ಸದ್ದು, ಉಸಿರಿನ ಸದ್ದು, ಅಷ್ಟೇ.

ಈಗ ನಿಮ್ಮ ಟಾಂಗಾ ಕುದುರೆಗೆ ಬರೋಣ. ಕುದುರೆಯ ಬಾಯಿಗೆ ಕಬ್ಬಿಣ ಇರುತ್ತದೆ, ಗಾಡಿಯವನ ಕೈಯಲ್ಲಿ ಲಗಾಮು ಇರುತ್ತದೆ. ನಾಯಿಬಂಡಿಗೆ ಲಗಾಮೇ ಇಲ್ಲ. ಮಶರ್ ಹತ್ತಿರ ಇರುವುದು ಬಾಯಿಮಾತು ಮಾತ್ರ. 'ಜೀ' ಅಂದರೆ ಬಲಕ್ಕೆ, 'ಹಾ' ಅಂದರೆ ಎಡಕ್ಕೆ. ಮುಂದಿನ ನಾಯಿ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿಮದ ಮೇಲೆ ಜಾರುವ ಬಂಡಿಗೆ, ಅಂದರೆ ಸ್ಲೆಡ್‌ಗೆ, ಲಂಗರಿನಂಥ ಒಂದು ಕೊಕ್ಕೆ ಇರುತ್ತದೆ, ನಿಲ್ಲಿಸಿದಾಗ ಅದನ್ನು ಹಿಮಕ್ಕೆ ತುಳಿದು ಊರಬೇಕು. ಹೊರಡಿಸಲು ಒದ್ದಾಟವಿಲ್ಲ, ನಿಲ್ಲಿಸಲು ಒದ್ದಾಟ. ಇದನ್ನು ನೋಡಿದ ಮೇಲೆ ಗಾಡಿಯಲ್ಲಿ ಕೂರಲು ನನಗೆ ಸಂಕೋಚ ಆಗಲಿಲ್ಲ.

ನೀವು ಟೀಚರ್, 1925ರ ಕತೆ ಮಕ್ಕಳಿಗೆ ಹೇಳಿರಲೂಬಹುದು. ಅಲಾಸ್ಕಾದ ನೋಮ್ ಊರಿಗೆ ಗಂಟಲಮಾರಿ ಬಂತು. ಚಳಿಗಾಲ, ಸಮುದ್ರ ಹೆಪ್ಪುಗಟ್ಟಿದೆ, ಹಡಗು ಬರಲ್ಲ. ಇಪ್ಪತ್ತು ಮಶರ್‌ಗಳು, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತಾ 1,085 ಕಿಲೋಮೀಟರ್ ದೂರಕ್ಕೆ ಔಷಧಿ ಮುಟ್ಟಿಸಿದವು. ಐದೂವರೆ ದಿನದಲ್ಲಿ! ಕೊನೆಯ ಹಂತ ಓಡಿದ ಬಾಲ್ಟೋ ಅನ್ನೋ ನಾಯಿಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ಇದೆ. ಎಲ್ಲರಿಗಿಂತ ಜಾಸ್ತಿ ದೂರ, ಕಷ್ಟದ ದಾರಿಯಲ್ಲಿ ಓಡಿದ್ದು ಟೋಗೋ ಅನ್ನೋ ಇನ್ನೊಂದು ನಾಯಿ. ಹೆಸರು ಬಂದಿದ್ದು ಕೊನೆಗೆ ಊರು ಹೊಕ್ಕವನಿಗೆ. ಎಲ್ಲಾ ಕಡೆ ಹೀಗೇ ಅಲ್ವಾ?

ಹಾಗಂತ ಎಲ್ಲವೂ ಸರಿಯಿದೆ ಅಂತ ನಾನು ಹೇಳಲ್ಲ. ಓಟ ಇಲ್ಲದ ಹೊತ್ತಲ್ಲಿ ಒಂದೊಂದು ನಾಯಿಯನ್ನೂ ಅದರ ಪುಟ್ಟ ಗೂಡಿನ ಪಕ್ಕ ಸರಪಳಿಗೆ ಕಟ್ಟಿರುತ್ತಾರೆ. ಅದು ನನಗೂ ಹಿಡಿಸಲಿಲ್ಲ. ಇಡಿಟರಾಡ್ ಅಂತ ಸುಮಾರು 1,600 ಕಿಲೋಮೀಟರಿನ ದೊಡ್ಡ ನಾಯಿಬಂಡಿ ರೇಸ್ ಇದೆ, 1973ರಲ್ಲಿ ನೋಮ್‌ವರೆಗೆ ಶುರುವಾದದ್ದು. ಅದರಲ್ಲಿ ನಾಯಿಗಳು ಸಾಯುವುದುಂಟು. 2024ರಲ್ಲಿ ಮೂರು ಸತ್ತವು. ಪ್ರಾಣಿಪ್ರಿಯರು ಅದನ್ನು ವಿರೋಧಿಸುತ್ತಾರೆ, ಅವರ ಮಾತಲ್ಲಿ ಹುರುಳಿದೆ. ಪ್ರವಾಸಿಗಳನ್ನು ಕೂರಿಸಿಕೊಂಡು ಹೊಡೆಯುವ ಒಂದು ಸಣ್ಣ ಸುತ್ತು ಮಾತ್ರ ಬೇರೆ ಸಂಗತಿ. ಈ ನಾಯಿಗಳಿಗೆ ನಿಜವಾದ ಶತ್ರು ಸೆಕೆ. ಬೇಸಿಗೆಯಲ್ಲಿ ಅವುಗಳನ್ನು ಹಿಮನದಿಯ ಮೇಲೆ ಇಡುವುದಕ್ಕೆ ಅದೂ ಒಂದು ಕಾರಣ. ಪ್ರವಾಸಿಗಳ ದುಡ್ಡಿನಿಂದ ಚಳಿಗಾಲದ ಮೇವು ಹುಟ್ಟುತ್ತದೆ ಅನ್ನೋದು ಇನ್ನೊಂದು ಕಾರಣ.

ದುಡ್ಡಿನ ವಿಷಯದಲ್ಲಿ ನಿಮ್ಮ ಯಜಮಾನರ ಲೆಕ್ಕ ತಪ್ಪಿಲ್ಲ. ಒಬ್ಬರಿಗೆ 600 ಡಾಲರಿನ ಮೇಲೇ ಆಗುತ್ತದೆ, ಅಂದರೆ ಅರ್ಧ ಲಕ್ಷ ರೂಪಾಯಿ ದಾಟುತ್ತದೆ. ಯಾಕೆ ಅಷ್ಟು ಅಂದರೆ, ಅಲ್ಲಿಗೆ ರಸ್ತೆಯಿಲ್ಲ. ನಾಯಿ, ಗೂಡು, ಡೇರೆ, ಊಟ ಎಲ್ಲ ಹೆಲಿಕಾಪ್ಟರಿನಲ್ಲೇ ಹೋಗಬೇಕು. ನಾಯಿಗಳ ಕಕ್ಕ ಕೂಡ ಹೆಲಿಕಾಪ್ಟರಿನಲ್ಲೇ ಕೆಳಗೆ ಬರುತ್ತದೆ! ಜೂನೋ ಊರಿಗೇ ಹೊರಗಿನಿಂದ ರಸ್ತೆಯಿಲ್ಲ ಅನ್ನಿ. ಒಂದು ರಾಜ್ಯದ ರಾಜಧಾನಿ, ಆದರೂ ಹಡಗು ಇಲ್ಲವೇ ವಿಮಾನದಲ್ಲೇ ಹೋಗಬೇಕು.

ಅಷ್ಟು ಕೊಟ್ಟರೂ ಬಂಡಿಯಲ್ಲಿ ಕೂರುವ ಹೊತ್ತು ಕಮ್ಮಿ. ಹಾರಾಟ, ನಾಯಿ ಮಾತಾಡಿಸುವುದು, ಮರಿ ಎತ್ತಿಕೊಂಡು ಫೋಟೋ, ಇದೆಲ್ಲ ಸೇರಿ ಎರಡೂವರೆ ಗಂಟೆ ಅಂದುಕೊಳ್ಳಿ. ಸುಮ್ನೆ ನಾಯಿ ನೋಡಿದರೆ ಸಾಕು ಅನ್ನುವವರಿಗೆ ಚಕ್ರದ ಗಾಡಿಯೇ ಸಾಕು, ಬೆಲೆಯೂ ಎಷ್ಟೋ ಕಮ್ಮಿ. ಹಿಮನದಿ ನೋಡಿದರೆ ಸಾಕು ಅನ್ನುವವರಿಗೆ ಜೂನೋದಿಂದ ಬಸ್ಸಿದೆ. ಇಪ್ಪತ್ತು ಕಿಲೋಮೀಟರಿನಲ್ಲಿ ಮೆಂಡೆನ್‌ಹಾಲ್ ಹಿಮನದಿ, ಮುಂದೆ ಒಂದು ಕೆರೆ. ಆ ಕೆರೆಗೆ ವಯಸ್ಸು ನೂರು ವರ್ಷವೂ ಆಗಿಲ್ಲ. 1930ರ ಸುಮಾರಿಗೆ ಹಿಮ ಹಿಂದೆ ಸರಿಯುತ್ತಾ ಬಿಟ್ಟ ಜಾಗದಲ್ಲಿ ನೀರು ನಿಂತು ಆದದ್ದು. ಹೆಲಿಕಾಪ್ಟರ್ ರದ್ದಾದ ದಿನ ನಾನು ಅದರ ದಡದಲ್ಲೇ ಕೂತು ಚಪಾತಿ ರೋಲ್ ತಿಂದೆ. ಕರಗುತ್ತಿರುವ ಹಿಮ ನೋಡಲು ಎಣ್ಣೆ ಸುಟ್ಟು ಹಾರುವವರ ಸಾಲಿನಲ್ಲಿ ನಾನೂ ನಿಂತಿದ್ದೆನಲ್ಲ ಅಂತ ಸ್ವಲ್ಪ ಚುಚ್ಚಿತು.

ಎರಡೂ ಒಟ್ಟಿಗೆ ಬೇಕು, ಮಗಳು ಖುಷಿಯಿಂದ ಕೊಡಿಸುತ್ತಿದ್ದಾಳೆ ಅಂದರೆ ಧೈರ್ಯವಾಗಿ ಹೋಗಿ ಅಮ್ಮಾ. ಸೀರೆ ಬೇಡ. ಪ್ಯಾಂಟು, ಸ್ವೆಟರ್, ಮೇಲೆ ಮಳೆ ಕೋಟು, ತಂಪು ಕನ್ನಡಕ ಇರಲಿ. ಹಿಮದ ಬೆಳಕು ಕಣ್ಣು ಕುಕ್ಕುತ್ತದೆ. ಮಂಡಿಗೆ ಕಷ್ಟ ಕೊಡುವುದು ಎರಡೇ ಜಾಗ: ಹೆಲಿಕಾಪ್ಟರಿನ ಮೆಟ್ಟಿಲು, ಮತ್ತು ಸ್ಲೆಡ್‌ನಲ್ಲಿ ತಗ್ಗಾಗಿ ಕೂತು ಏಳುವುದು. ಮೊದಲೇ ಹೇಳಿದರೆ ಕೈ ಕೊಡುತ್ತಾರೆ. ಬಟ್ಟೆ ಸಮೇತ 113 ಕಿಲೋ ದಾಟಿದವರಿಗೆ ಜಾಸ್ತಿ ದುಡ್ಡು ಕೇಳುವುದುಂಟು. ತೂಕ ಹಾಕುವ ವಿಷಯ ಯಜಮಾನರಿಗೆ ಈಗಲೇ ಹೇಳಿಡಿ, ಅಲ್ಲಿ ಹೋಗಿ ಜಗಳ ಬೇಡ.

ಇದೆಲ್ಲಕ್ಕಿಂತ ಮೊದಲು ಮಗಳಿಗೆ ಫೋನ್ ಮಾಡಿ ಒಂದು ಮಾತು ಕೇಳಿ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ವಾಪಸಾಗುವ ಈ ಹಡಗುಗಳು ದಾರಿಯಲ್ಲಿ ಹೆಚ್ಚಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ವಿದೇಶಿ ಹಡಗು ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು ಅಂತ ಅಮೆರಿಕದ 1886ರ ಕಾನೂನು. ನಿಮ್ಮದು ಭಾರತದ ಪಾಸ್‌ಪೋರ್ಟ್, ಹಾಗಾಗಿ ಕೆನಡಾ ವೀಸಾ ಬೇಕಾಗುತ್ತದೆ. ಮಗಳ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಅವಳಿಗೆ ಇದು ಹೊಳೆದೇ ಇರಲಿಕ್ಕಿಲ್ಲ. ಈ ವಾರವೇ ಅರ್ಜಿ ಹಾಕಿ.