ದೋಣಿಯ ಮಗ್ಗುಲಿನ ಕೊನೆಯ ಎಂಟಡಿ

ಪ್ರಶ್ನೆ: ಮೂವರು ಗೆಳೆಯರು ವಿಸ್ಕಾನ್ಸಿನ್‌ನ ಚಿಪ್ಪೆವಾ ನದಿಯಲ್ಲಿ ಒಂದು ದಿನ ಮಸ್ಕಿ ಹಿಡಿಯಲು ಹೊರಟಿದ್ದೇವೆ. ದೋಣಿಯಿಂದ ಮೂವರೂ ಒಟ್ಟಿಗೆ ಗಾಳ ಎಸೆಯಬಹುದೇ? ಮೀನು ಎಲ್ಲೆಲ್ಲಿ ಇರುತ್ತದೆ?

ಉತ್ತರ: ಮಸ್ಕಿ ಎಂದೊಡನೆ ಕೆಲವರಿಗೆ ಅಶೋಕನ ಶಾಸನದ ಊರು ನೆನಪಾದೀತು. ಇದು ಮಸ್ಕೆಲಂಜ್, ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ, 1955ರಿಂದ ವಿಸ್ಕಾನ್ಸಿನ್‌ನ ರಾಜ್ಯಮೀನು.

ಮೂವರೂ ಎಸೆಯುವುದು ಬೇಡ. ಒಬ್ಬರು ಹುಟ್ಟು ಹಿಡಿಯಿರಿ, ಮುಂದೊಬ್ಬರು ಹಿಂದೊಬ್ಬರು ಎಸೆಯಿರಿ, ಗಂಟೆಗೊಮ್ಮೆ ಜಾಗ ಬದಲಿಸಿ. ನಿಜ ಹೇಳಬೇಕೆಂದರೆ ಹುಟ್ಟಿನವರದೇ ಅರ್ಧ ಬೇಟೆ. ದೋಣಿಯ ಮೂತಿ ಹರಿವಿನ ದಿಕ್ಕಿಗಿರಲಿ, ಹುಟ್ಟನ್ನು ಹಿಂದಕ್ಕೆ ಎಳೆಯುತ್ತ ಹೊಳೆಯ ಓಟಕ್ಕಿಂತ ನಿಧಾನವಾಗಿ ಇಳಿಯಿರಿ. ದೋಣಿ ಓಡಿಬಿಟ್ಟರೆ ಒಳ್ಳೆಯ ಜಾಗಕ್ಕೆ ಒಂದೇ ಎಸೆತ ಸಿಗುತ್ತದೆ, ಅದೂ ಅವಸರದ್ದು.

ಮಸ್ಕಿ ಸೆಳವಿನ ನಡುವೆ ನಿಂತು ಶಕ್ತಿ ಕಳೆದುಕೊಳ್ಳುವ ಮೀನಲ್ಲ. ವೇಗದ ನೀರೂ ನಿಂತ ನೀರೂ ಕೂಡುವ ಗೆರೆ ನೋಡಿ. ನೊರೆ, ಎಲೆ ಸಾಲುಗಟ್ಟಿ ತೇಲುವುದೇ ಅದರ ಗುರುತು. ದ್ವೀಪದ ಬಾಲ, ತೊರೆ ಬಂದು ಸೇರುವ ಬಾಯಿ, ತಿರುವಿನ ಹೊರಮಗ್ಗುಲಿನ ಮಡು, ಬಿದ್ದ ಮರದ ಮರೆ, ಇವನ್ನೆಲ್ಲ ಬಿಡಬೇಡಿ. ಆದರೆ ಮರದ ಮೇಲುಹೊಳೆಯ ಕಡೆಯಿಂದ ದೋಣಿಯನ್ನು ಹತ್ತಿರ ಒಯ್ಯಬಾರದು. ಕೊಂಬೆಗಳ ಸಂದಿಯಲ್ಲಿ ನೀರು ತೂರಿಹೋಗುತ್ತದೆ, ದೋಣಿಯೂ ಮನುಷ್ಯರೂ ಸಿಕ್ಕಿಕೊಳ್ಳುತ್ತಾರೆ. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ.

ಪ್ರಶ್ನೆ: ಬಾಸ್ ಮೀನಿಗೆ ಬಳಸುವ ಕೋಲು, ದಾರ ಸಾಕೇ?

ಉತ್ತರ: ಸಾಲದು. ಎಂಟೂವರೆಯಿಂದ ಒಂಬತ್ತು ಅಡಿಯ ಹೆವಿ ಕೋಲು, 300 ಅಥವಾ 400 ಗಾತ್ರದ ಬೇಟ್‌ಕಾಸ್ಟಿಂಗ್ ರೀಲ್ (ಕೋಲಿನ ಮೇಲೆ ಕೂರುವ, ದಾರ ಸುತ್ತುವ ಗಾಲಿ), 80 ಪೌಂಡ್‌ನ ಹೆಣೆದ ದಾರ ಬೇಕು. ಇಷ್ಟು ದಪ್ಪ ದಾರ ಮೀನಿನ ತೂಕಕ್ಕಲ್ಲ. ಭಾರದ ಲೂರ್, ಅಂದರೆ ಮೀನನ್ನು ಮರುಳುಮಾಡುವ ಕೊಕ್ಕೆಯುಳ್ಳ ಕೃತಕ ಎರೆ, ಎಸೆಯುವಾಗ ರೀಲಿನಲ್ಲಿ ಸಿಕ್ಕುಬಿದ್ದರೆ ತೆಳು ದಾರ ಫಟ್ಟನೆ ತುಂಡಾಗಿ ಲೂರ್ ಹೊಳೆಪಾಲು. ದಾರದ ತುದಿಗೂ ಲೂರಿಗೂ ನಡುವೆ ಸುಮಾರು ಒಂದಡಿಯ ಲೀಡರ್ ಎಂಬ ಗಟ್ಟಿ ತುಂಡು ಕಡ್ಡಾಯ: ತಂತಿಯದಾಗಲಿ, 100ರಿಂದ 130 ಪೌಂಡ್‌ನ ಫ್ಲೋರೋಕಾರ್ಬನ್ ಎಂಬ ಗಟ್ಟಿ ಪ್ಲಾಸ್ಟಿಕ್ ದಾರದ್ದಾಗಲಿ. ಇಲ್ಲದಿದ್ದರೆ ಹಲ್ಲು ದಾರವನ್ನು ಕುಯ್ದುಬಿಡುತ್ತದೆ, ಮೀನು ಬಾಯಲ್ಲಿ ಕೊಕ್ಕೆ ಹೊತ್ತುಕೊಂಡೇ ಹೋಗುತ್ತದೆ.

ಲೂರ್ ಪೆಟ್ಟಿಗೆ ಹೊರಬೇಕಾಗಿಲ್ಲ. ಆಳವಿಲ್ಲದ ಕಡೆಗೆ ಎರಡು ಬ್ಲೇಡು ಗಿರಗಿರ ತಿರುಗುವ, ಕೂದಲ ಕುಚ್ಚಿನ ಬಕ್‌ಟೇಲ್ ಲೂರ್, ಮಡುವಿಗೆ ರಬ್ಬರ್ ಲೂರ್, ನಿಧಾನದ ನೀರಿಗೆ ಎಡಬಲಕ್ಕೆ ಜಾರುತ್ತ ಸಾಗುವ ಗ್ಲೈಡ್ ಬೇಟ್, ಇಷ್ಟಿದ್ದರೆ ದಿನ ಕಳೆಯುತ್ತದೆ. ಕೊಕ್ಕೆಯ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ. ಜಾರಿದರೆ ಅರ ಹಾಕಿ.

ಪ್ರಶ್ನೆ: ಮೀನು ಲೂರ್ ಹಿಂದೆಯೇ ದೋಣಿಯವರೆಗೆ ಬರುತ್ತದೆ, ಕಚ್ಚದೆ ತಿರುಗಿಹೋಗುತ್ತದೆ. ಏನು ತಪ್ಪು?

ಉತ್ತರ: ಅದು ಬಂದಾಗ ನೀವು ಲೂರನ್ನು ನೀರಿನಿಂದ ಎತ್ತಿಬಿಡುತ್ತೀರಿ, ಇಲ್ಲವೇ ಬೆಚ್ಚಿ ನಿಲ್ಲಿಸುತ್ತೀರಿ. ಮಸ್ಕಿಯ ಮುಂದೆ ಓಡುವ ಪುಟ್ಟ ಮೀನು ಯಾವತ್ತೂ ನಿಂತು ಹಿಂದೆ ನೋಡುವುದಿಲ್ಲ. ಲೀಡರ್ ಕೋಲಿನ ತುದಿಯಿಂದ ಒಂದಡಿ ದೂರವಿದ್ದಾಗಲೇ ಸುತ್ತುವುದು ನಿಲ್ಲಿಸಿ, ಕೋಲಿನ ತುದಿಯನ್ನು ನೀರೊಳಗೆ ಮುಳುಗಿಸಿ, ಲೂರ್ ಓಡುತ್ತಿರುವಂತೆಯೇ ಅಗಲವಾಗಿ 8ರ ಅಂಕಿ ಬರೆಯಿರಿ. ತಿರುವು ಚಿಕ್ಕದಾದರೆ ನಾಲ್ಕಡಿ ಉದ್ದದ ಮೀನಿಗೆ ಮೈ ತಿರುಗಿಸಲಾಗದು, ಲೂರ್ ಕಣ್ತಪ್ಪುತ್ತದೆ. ತಿರುವಿನಲ್ಲಿ ಆಳಕ್ಕಿಳಿಸಿ, ತಿರುವು ಮುಗಿದೊಡನೆ ವೇಗ ಹೆಚ್ಚಿಸಿ ಮೇಲೆ ತನ್ನಿ. ಕಚ್ಚುವುದು ಹೆಚ್ಚಾಗಿ ಆ ಹೊತ್ತಿಗೇ. ಮೀನು ಕಾಣದಿದ್ದರೂ ಪ್ರತಿ ಎಸೆತದ ಕೊನೆಗೂ ಎರಡು ಸುತ್ತು ಬರೆಯಿರಿ, ಕೆಸರು ನೀರಲ್ಲಂತೂ ಅದು ಕಾಣುವುದೇ ಇಲ್ಲ. ಹತ್ತು ಸಾವಿರ ಎಸೆತದ ಮೀನು ಎಂದು ಸುಮ್ಮನೆ ಕರೆಯುವುದಿಲ್ಲ.

ಕಚ್ಚಿದಾಗ ಕೋಲನ್ನು ಆಕಾಶಕ್ಕೆ ಎತ್ತಬೇಡಿ, ಬಾಯೊಳಗಿನ ಲೂರ್ ಕಿತ್ತುಬರುತ್ತದೆ. ಮೀನು ಹೋಗುತ್ತಿರುವ ದಿಕ್ಕಿಗೆ ಎದುರಾಗಿ ಅಡ್ಡಡ್ಡ ಬಲವಾಗಿ ಎಳೆಯಿರಿ.

ಪ್ರಶ್ನೆ: ಫೋಟೋ ತೆಗೆದು ಜೀವಂತ ಬಿಡುವುದು ಹೇಗೆ?

ಉತ್ತರ: ತಯಾರಿ ಗಾಳ ಎಸೆಯುವ ಮೊದಲೇ ಆಗಬೇಕು. ರಬ್ಬರ್ ಲೇಪನದ ಆಳವಾದ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಕೊಕ್ಕೆ ತುಂಡರಿಸುವ ಕಟರ್ ಕೈಗೆಟುಕುವಂತಿರಲಿ. ಮೀನನ್ನು ಬಲೆಯೊಳಗೆ, ನೀರಲ್ಲೇ ಬಿಟ್ಟು ಕೊಕ್ಕೆ ತೆಗೆಯಿರಿ. ಸುಲಭಕ್ಕೆ ಬರದಿದ್ದರೆ ಕೊಕ್ಕೆಯನ್ನೇ ಕತ್ತರಿಸಿ. ಕೊಕ್ಕೆಯ ಬೆಲೆ ನೋಡುತ್ತ ಎರಡು ನಿಮಿಷ ತಿರುಚುವುದು ಜಿಪುಣತನ. ಮೀನು ಒದ್ದಾಡಿದರೆ ಉಳಿದ ಮೊನೆ ನಿಮ್ಮ ಅಂಗೈಗೇ ನೆಡುತ್ತದೆ.

ಕ್ಯಾಮೆರಾ ಸಿದ್ಧವಾದ ಮೇಲೆಯೇ ಮೀನನ್ನು ಎತ್ತಿ. ಕಿವಿರಿನ ಮುಚ್ಚಳದ ಒಳಮಗ್ಗುಲಿಗೆ ಬೆರಳು ತೂರಿಸಿ ದವಡೆಯ ಕಡೆಗೆ ಜಾರಿಸಿ, ಕೆಂಪು ಕಿವಿರು ತಾಕಬಾರದು. ಇನ್ನೊಂದು ಕೈ ಹೊಟ್ಟೆಯಡಿ, ಮೀನು ಅಡ್ಡಡ್ಡ. ನೇತುಹಾಕಿ ಹಿಡಿದರೆ ಅದರ ಭಾರವೆಲ್ಲ ದವಡೆಗೂ ಒಳಾಂಗಗಳಿಗೂ ಬೀಳುತ್ತದೆ. ಹತ್ತು ಸೆಕೆಂಡು ಸಾಕು. ನೀರಿಗಿಳಿಸಿದ ಮೇಲೆ ಬಾಲದ ಬುಡ ಹಿಡಿದು ನೆಟ್ಟಗೆ ನಿಲ್ಲಿಸಿ. ಹಿಂದುಮುಂದು ಜಗ್ಗಾಡಬೇಡಿ, ತಾನಾಗಿ ಒದ್ದುಕೊಂಡು ಹೋಗಲಿ. ನೀರಿನ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಂದು ಮಸ್ಕಿ ಬೇಟೆಯೇ ಬೇಡ. ಬೆಚ್ಚನೆ ನೀರಲ್ಲಿ ಆಮ್ಲಜನಕ ಕಡಿಮೆ, ಈಜಿಹೋದ ಮೀನೂ ಆಮೇಲೆ ಸಾಯಬಹುದು.

ಪ್ರಶ್ನೆ: ನಾರ್ದರ್ನ್ ಪೈಕ್ ಯಾವುದು, ಮಸ್ಕಿ ಯಾವುದು?

ಉತ್ತರ: ಪೈಕ್ ಮಸ್ಕಿಯ ಹತ್ತಿರದ ನೆಂಟ. ಕಪ್ಪು ಮೈ ಮೇಲೆ ತಿಳಿ ಚುಕ್ಕೆಯಿದ್ದರೆ ಪೈಕ್, ತಿಳಿ ಮೈ ಮೇಲೆ ಕಪ್ಪು ಗುರುತಿದ್ದರೆ ಮಸ್ಕಿ. ಆದರೆ ಗುರುತೇ ಇಲ್ಲದ ಮಸ್ಕಿಯೂ ಉಂಟು. ಸಂಶಯವಾದರೆ ಕೆಳದವಡೆಯ ಅಡಿಯ ರಂಧ್ರ ಎಣಿಸಿ: ಒಂದೊಂದು ಕಡೆ ಐದೋ ಅದಕ್ಕೂ ಕಡಿಮೆಯೋ ಇದ್ದರೆ ಪೈಕ್, ಆರು ಅಥವಾ ಹೆಚ್ಚಿದ್ದರೆ ಮಸ್ಕಿ.