ಮತದಾರನ ಮನಸ್ಸಿನೊಳಗೆ ಕೂತ ಇನ್ನೊಬ್ಬ ಮತದಾರ

ಪ್ರಿಯ ಓದುಗರೇ,

ಅಮೆರಿಕದ ಚುನಾವಣೆಗಳ ಬಗ್ಗೆ ನಮ್ಮಲ್ಲಿ ಪ್ರಕಟವಾದ ಲೇಖನ ಓದಿ ನೀವು ಬರೆದ ದೀರ್ಘ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ ಕಾರಣ ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಆ ದೇಶದ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಆದರೂ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ನಿಂತ ಹಿಲರಿ ಕ್ಲಿಂಟನ್ 2016ರಲ್ಲಿ, ಕಮಲಾ ಹ್ಯಾರಿಸ್ 2024ರಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಎದುರು ಸೋತರು. ‘ಹೆಣ್ಣಿಗೆ ಹೆಣ್ಣೇ ಶತ್ರು ಎನ್ನಲು ಇನ್ನೇನು ಸಾಕ್ಷಿ ಬೇಕು?’ ಎಂದು ಕೇಳಿದ್ದೀರಿ. ಕಪ್ಪು ವರ್ಣೀಯರು ಮಾತ್ರ ತಮ್ಮವರು ಎಂದರೆ ಕಣ್ಣು ಮುಚ್ಚಿ ಮತ ಹಾಕುತ್ತಾರೆ ಎಂಬುದು ನಿಮ್ಮ ಎರಡನೆಯ ಮಾತು. ಇಷ್ಟೆಲ್ಲ ಪೂರ್ವಗ್ರಹ ಇರುವ ಕಡೆ ಟ್ರಾನ್ಸ್ ಮಹಿಳೆಯೊಬ್ಬರು ಸಂಸತ್ತಿಗೆ ಆರಿಸಿ ಬಂದದ್ದು ಹೇಗೆ ಎಂಬುದು ಕೊನೆಯ ಪ್ರಶ್ನೆ.

ಮೊದಲೆರಡು ಮಾತುಗಳನ್ನು ನಾನು ಒಪ್ಪುವುದಿಲ್ಲ. ಮೂರನೆಯದು ಒಳ್ಳೆಯ ಪ್ರಶ್ನೆ.

ಹೆಣ್ಣಿಗೆ ಹೆಣ್ಣು ಶತ್ರು ಎನ್ನುವ ಮಾತನ್ನೇ ಮೊದಲು ನೋಡೋಣ. 2024ರ ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಮಹಿಳೆಯರಲ್ಲಿ ಶೇ 53ರಷ್ಟು ಮಂದಿ ಹ್ಯಾರಿಸ್‌ಗೆ ಮತ ಹಾಕಿದರು, ಟ್ರಂಪ್‌ಗೆ ಸಿಕ್ಕಿದ್ದು ಶೇ 45. ಪುರುಷರಲ್ಲಿ ಶೇ 55ರಷ್ಟು ಟ್ರಂಪ್ ಕಡೆಗೆ ಹೋದರು. ಸೋಲಿನ ಹೊಣೆ ಹೆಂಗಸರ ತಲೆಗೆ ಕಟ್ಟುವ ಮುನ್ನ ಈ ಅಂಕಿಗಳನ್ನು ಒಮ್ಮೆ ನೋಡಬೇಕಲ್ಲವೇ? ಇನ್ನು ಆ ಶೇ 53ರ ಒಳಹೊಕ್ಕರೆ ಕಾಣುವುದೇ ಬೇರೆ. ಕಪ್ಪು ವರ್ಣೀಯ ಮಹಿಳೆಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹ್ಯಾರಿಸ್ ಜತೆಗಿದ್ದರೆ, ಬಿಳಿಯ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಟ್ರಂಪ್ ಜತೆಗಿದ್ದರು. ಇದು ಹ್ಯಾರಿಸ್ ಮೇಲಿನ ಹೊಟ್ಟೆಕಿಚ್ಚಲ್ಲ. ಡೆಮಾಕ್ರಟಿಕ್ ಅಭ್ಯರ್ಥಿ ಗಂಡಸಾಗಿದ್ದಾಗಲೂ ಹಲವು ದಶಕಗಳಿಂದ ಬಹುತೇಕ ಅಧ್ಯಕ್ಷೀಯ ಚುನಾವಣೆಗಳಲ್ಲಿ ಬಿಳಿಯ ಮಹಿಳೆಯರ ಒಲವು ರಿಪಬ್ಲಿಕನ್ ಪಕ್ಷದ ಕಡೆಗೇ ಇದೆ. ಅವರು ಎಂದಿನಂತೆ ತಮ್ಮ ಪಕ್ಷಕ್ಕೆ ಹಾಕಿದರು, ಅಷ್ಟೇ.

ಹಿಂದಿನ ನಿದರ್ಶನಗಳೂ ಇವೆ. 1984ರಲ್ಲಿ ಡೆಮಾಕ್ರಟಿಕ್ ಪಕ್ಷ ಜೆರಾಲ್ಡಿನ್ ಫೆರಾರೊ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ದೊಡ್ಡ ಪಕ್ಷವೊಂದು ಮಹಿಳೆಗೆ ಆ ಟಿಕೆಟ್ ಕೊಟ್ಟದ್ದು ಅದೇ ಮೊದಲು. ಹೆಂಗಸರ ಮತವೆಲ್ಲ ಆ ಕಡೆ ಹರಿಯುತ್ತದೆ ಎಂದು ಪಂಡಿತರು ಎಣಿಸಿದ್ದರು. ಕೊನೆಗೆ ಮಹಿಳೆಯರಲ್ಲೂ ಬಹುಮತ ಸಿಕ್ಕಿದ್ದು ರಿಪಬ್ಲಿಕನ್ ಪಕ್ಷದ ರೇಗನ್‌ಗೆ. 2008ರಲ್ಲಿ ರಿಪಬ್ಲಿಕನ್ನರು ಅದೇ ಸ್ಥಾನಕ್ಕೆ ಸಾರಾ ಪೇಲಿನ್ ಅವರನ್ನು ತಂದರು, ಮಹಿಳೆಯರ ಬಹುಮತ ಡೆಮಾಕ್ರಟಿಕ್ ಪಕ್ಷದ ಒಬಾಮಗೆ ಹೋಯಿತು.

ನಿಮ್ಮ ಪತ್ರದಲ್ಲಿ 2016ರ ಒಂದು ಅಂಕಿ ಇದೆ, ಬಿಳಿಯ ಮಹಿಳೆಯರಲ್ಲಿ ಶೇ 52ರಷ್ಟು ಮಂದಿ ಟ್ರಂಪ್‌ಗೆ ಹಾಕಿದರು ಎಂಬುದು. ಅದು ಮತಗಟ್ಟೆ ಸಮೀಕ್ಷೆಯ ಅಂಕಿ. ಆ ಚುನಾವಣೆಯ ಮರುದಿನದಿಂದಲೇ ಅದು ಎಷ್ಟು ಬಾಯಿಗಳಲ್ಲಿ ಓಡಾಡಿತೆಂದರೆ, ಆಮೇಲೆ ಬಂದ ತಿದ್ದುಪಡಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ಯೂ ಸಂಶೋಧನಾ ಕೇಂದ್ರದವರು ಮತದಾನದ ದಾಖಲೆಗಳ ಜತೆ ತಾಳೆ ನೋಡಿ, ನಿಜಕ್ಕೂ ಮತ ಹಾಕಿದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಾಗ ಸಿಕ್ಕಿದ್ದು ಟ್ರಂಪ್‌ಗೆ ಶೇ 47, ಕ್ಲಿಂಟನ್‌ಗೆ ಶೇ 45. ಇನ್ನೊಂದು ಮಾತು, ಆ ವರ್ಷ ದೇಶದಾದ್ಯಂತ ಕ್ಲಿಂಟನ್‌ಗೆ ಟ್ರಂಪ್‌ಗಿಂತ ಸುಮಾರು 29 ಲಕ್ಷ ಮತ ಹೆಚ್ಚೇ ಬಿದ್ದಿತ್ತು. ಅವರು ಸೋತದ್ದು ಎಲೆಕ್ಟೋರಲ್ ಕಾಲೇಜಿನ, ಅಂದರೆ ರಾಜ್ಯವಾರು ಪ್ರತಿನಿಧಿಗಳ ಮತದಿಂದ ಅಧ್ಯಕ್ಷರನ್ನು ಆರಿಸುವ ವ್ಯವಸ್ಥೆಯ ಲೆಕ್ಕದಲ್ಲಿ.

ಈಗ ಕಪ್ಪು ವರ್ಣೀಯರ ವಿಚಾರ. 2008ರಲ್ಲಿ ಒಬಾಮಗೆ ಅವರ ಮತಗಳಲ್ಲಿ ಶೇ 95 ಸಿಕ್ಕಿತು, ನಿಜ. ಆದರೆ ಅದಕ್ಕೆ ನಾಲ್ಕು ವರ್ಷ ಮುಂಚೆ ಅದೇ ಪಕ್ಷದಿಂದ ನಿಂತ ಬಿಳಿಯರಾದ ಜಾನ್ ಕೆರಿ ಅವರಿಗೂ ಶೇ 88 ಸಿಕ್ಕಿತ್ತು. ಈ ನಿಷ್ಠೆ ಬಣ್ಣ ನೋಡಿ ಹುಟ್ಟಿದ್ದಲ್ಲ. 1960ರಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಕಪ್ಪು ವರ್ಣೀಯರ ಮತಗಳಲ್ಲಿ ಸುಮಾರು ಮೂರನೇ ಒಂದು ಪಾಲು ಪಡೆದಿದ್ದರು. 1964ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಅದರ ವಿರುದ್ಧ ಮತ ಹಾಕಿದ್ದ ಬ್ಯಾರಿ ಗೋಲ್ಡ್‌ವಾಟರ್ ಅದೇ ವರ್ಷ ರಿಪಬ್ಲಿಕನ್ ಅಭ್ಯರ್ಥಿಯಾದರು. ಆ ಪಾಲು ಆಮೇಲೆ ಆ ಪಕ್ಷಕ್ಕೆ ಮರಳಿ ಸಿಗಲೇ ಇಲ್ಲ. ತಮ್ಮ ಹಕ್ಕಿಗೆ ಅಡ್ಡ ನಿಂತವರು ಯಾರು ಎಂದು ನೆನಪಿಟ್ಟುಕೊಂಡು ಮತ ಹಾಕುವುದನ್ನು ಕಣ್ಣು ಮುಚ್ಚಿ ಹಾಕುವುದು ಎನ್ನಲಾಗದು.

ಇದಕ್ಕೆ ಅಚ್ಚುಕಟ್ಟಾದ ಪರೀಕ್ಷೆಯೊಂದು 2022ರಲ್ಲಿ ಜಾರ್ಜಿಯಾದಲ್ಲಿ ನಡೆದುಹೋಯಿತು. ಸೆನೆಟ್ ಸ್ಥಾನಕ್ಕೆ ಇಬ್ಬರು ಕಪ್ಪು ವರ್ಣೀಯರು ಎದುರುಬದುರು. ಒಬ್ಬರು ಡೆಮಾಕ್ರಟಿಕ್ ಪಕ್ಷದ ಪಾದ್ರಿ ರಫಾಯೆಲ್ ವಾರ್ನಾಕ್, ಇನ್ನೊಬ್ಬರು ರಿಪಬ್ಲಿಕನ್ ಪಕ್ಷದ ಹರ್ಷಲ್ ವಾಕರ್. ವಾಕರ್ ಫುಟ್‌ಬಾಲ್ ತಾರೆ, ಆ ರಾಜ್ಯದ ಮನೆಮಾತು. ಬಣ್ಣವೇ ಮುಖ್ಯವಾಗಿದ್ದರೆ ಕಪ್ಪು ವರ್ಣೀಯರ ಮತ ಹಂಚಿಹೋಗಬೇಕಿತ್ತು. ಹತ್ತರಲ್ಲಿ ಒಂಬತ್ತು ಪಾಲು ವಾರ್ನಾಕ್‌ಗೆ ಬಿತ್ತು. ಬಿಳಿಯರ ಮತದಲ್ಲಿ ಹತ್ತಕ್ಕೆ ಸುಮಾರು ಏಳು ಪಾಲು ವಾಕರ್‌ಗೆ ಬಿತ್ತು.

ಹಾಗಾದರೆ ‘ನಮ್ಮವರು’ ಎಂಬುದಕ್ಕೆ ಬೆಲೆಯೇ ಇಲ್ಲವೇ? ಇದೆ. ಆದರೆ ಅದು ಹೆಚ್ಚಾಗಿ ಕಾಣುವುದು ಮತಗಟ್ಟೆಗೆ ಹೋಗುವ ಉತ್ಸಾಹದಲ್ಲಿ. ಜನಗಣತಿ ಇಲಾಖೆಯ ಲೆಕ್ಕದಂತೆ ಒಬಾಮ ಎರಡನೇ ಸಲ ನಿಂತ 2012ರಲ್ಲಿ ಕಪ್ಪು ವರ್ಣೀಯರಲ್ಲಿ ಶೇ 66.2ರಷ್ಟು ಮಂದಿ ಮತ ಹಾಕಿದರು, ಬಿಳಿಯರಲ್ಲಿ ಶೇ 64.1. ಒಬಾಮ ಕಣದಲ್ಲಿಲ್ಲದ 2016ರಲ್ಲಿ ಕಪ್ಪು ವರ್ಣೀಯರ ಪ್ರಮಾಣ ಶೇ 59.6ಕ್ಕೆ ಇಳಿಯಿತು. ಬೇರೆ ಪಕ್ಷಕ್ಕೆ ಹೋದವರಿಗಿಂತ ಮನೆಯಲ್ಲೇ ಉಳಿದವರು ಹೆಚ್ಚು.

ಪಕ್ಷನಿಷ್ಠೆ ಎಲ್ಲ ಕಾಲಕ್ಕೂ ಎಲ್ಲವನ್ನೂ ಮುಚ್ಚಿಹಾಕುತ್ತದೆ ಎಂದು ನಾನು ಹೇಳುತ್ತಿಲ್ಲ. 1983ರ ಷಿಕಾಗೊ ನೋಡಿ. ಅದು ಡೆಮಾಕ್ರಟರ ಕೋಟೆ. 1979ರಲ್ಲಿ ಆ ಪಕ್ಷದ ಜೇನ್ ಬರ್ನ್ ಶೇ 82 ಮತ ಪಡೆದು ಮೇಯರ್ ಆಗಿದ್ದರು. ರಿಪಬ್ಲಿಕನ್ ಅಭ್ಯರ್ಥಿ ಅಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ. ನಾಲ್ಕು ವರ್ಷ ಕಳೆಯಿತು, ಡೆಮಾಕ್ರಟಿಕ್ ಟಿಕೆಟ್ ಕಪ್ಪು ವರ್ಣೀಯ ಹೆರಾಲ್ಡ್ ವಾಷಿಂಗ್ಟನ್ ಅವರಿಗೆ ಹೋಯಿತು. ಜನ್ಮದಿಂದ ಡೆಮಾಕ್ರಟರಾಗಿದ್ದ ಬಿಳಿಯರ ಕೇರಿಗಳು ರಾತ್ರಿ ಬೆಳಗಾಗುವಷ್ಟರಲ್ಲಿ ಬರ್ನಾರ್ಡ್ ಎಪ್ಟನ್ ಎಂಬ ರಿಪಬ್ಲಿಕನ್ ಹಿಂದೆ ನಿಂತವು. ‘ಕೈಮೀರುವ ಮುನ್ನ’ ಎಂಬುದು ಎಪ್ಟನ್ ಪ್ರಚಾರದ ಘೋಷಣೆ. ಏನು ಕೈಮೀರುತ್ತದೆ ಎಂದು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ವಾಷಿಂಗ್ಟನ್ ಗೆದ್ದರು, ಆದರೆ ಶೇ 52ರ ಆಸುಪಾಸಿನಲ್ಲಿ. ಉಳಿದದ್ದೆಲ್ಲ ಹೆಚ್ಚುಕಡಿಮೆ ಎಪ್ಟನ್ ಪಾಲಾಯಿತು. ಜನಾಂಗ ಪಕ್ಷವನ್ನು ಮೀರಿ ನಿಲ್ಲುವುದು ಹೇಗೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಿಮ್ಮ ಪತ್ರದಲ್ಲಿ ಎಲ್ಲೂ ಬರದ, ಆದರೆ ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವ ಜಾಗಕ್ಕೆ ಈಗ ಬರುತ್ತೇನೆ. ಡೆಮಾಕ್ರಟಿಕ್ ಟಿಕೆಟ್‌ಗಾಗಿ ಇಬ್ಬರೂ ಸೆಣಸುತ್ತಿದ್ದ 2007ರ ಬಹುಪಾಲು ತಿಂಗಳುಗಳಲ್ಲಿ ಕಪ್ಪು ಮತದಾರರಲ್ಲಿ ಒಬಾಮಗಿಂತ ಹಿಲರಿ ಕ್ಲಿಂಟನ್‌ಗೇ ಬೆಂಬಲ ಹೆಚ್ಚಿತ್ತು ಎಂದರೆ ಆಶ್ಚರ್ಯವಾಗಬಹುದು. ಒಬಾಮ ಇಷ್ಟವಿರಲಿಲ್ಲ ಎಂದೇನಲ್ಲ. ಬಿಳಿಯರು ಈ ಮನುಷ್ಯನಿಗೆ ಮತ ಹಾಕುತ್ತಾರೆ ಎಂಬ ನಂಬಿಕೆ ಇರಲಿಲ್ಲ. 2008ರ ಜನವರಿ 3ರಂದು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರಿರುವ ಅಯೊವಾ ರಾಜ್ಯದಲ್ಲಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ ಒಬಾಮ ಗೆದ್ದರು. ಅದೇ ತಿಂಗಳ 26ರಂದು ಸೌತ್ ಕ್ಯಾರೊಲೈನಾದಲ್ಲಿ ಕಪ್ಪು ವರ್ಣೀಯರ ಮತದಲ್ಲಿ ಐದರಲ್ಲಿ ನಾಲ್ಕು ಪಾಲು ಅವರ ಕಡೆ ತಿರುಗಿತ್ತು. ಅಭ್ಯರ್ಥಿ ಅದೇ, ಬಣ್ಣ ಅದೇ. ಬದಲಾದದ್ದು ಪಕ್ಕದವನ ಬಗೆಗಿನ ಅಂದಾಜು.

2020ರಲ್ಲಿ ಇದೇ ಅಂದಾಜು ಇನ್ನೊಂದು ದಿಕ್ಕಿಗೆ ಕೆಲಸ ಮಾಡಿತು. ಟಿಕೆಟ್ ಬಯಸಿದ್ದ ಕಮಲಾ ಹ್ಯಾರಿಸ್ ಒಂದೂ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸಲು ರಾಜ್ಯವಾರು ನಡೆಯುವ ಚುನಾವಣೆ) ನಡೆಯುವ ಮೊದಲೇ, 2019ರ ಡಿಸೆಂಬರ್‌ನಲ್ಲಿ ಹಿಂದೆ ಸರಿದಿದ್ದರು. ಇನ್ನೊಬ್ಬ ಕಪ್ಪು ವರ್ಣೀಯ ಆಕಾಂಕ್ಷಿ ಕೋರಿ ಬೂಕರ್ ಜನವರಿಯಲ್ಲಿ ಸರಿದರು. ಅಯೊವಾದಲ್ಲಿ ನಾಲ್ಕನೆಯ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯ ಸ್ಥಾನಕ್ಕೆ ಕುಸಿದಿದ್ದ ಜೋ ಬೈಡನ್ ಅವರನ್ನು ಸೌತ್ ಕ್ಯಾರೊಲೈನಾದ ಕಪ್ಪು ಮತದಾರರು ಎತ್ತಿ ನಿಲ್ಲಿಸಿದರು. ಕಪ್ಪು ವರ್ಣೀಯರ ಹಿರಿಯ ನಾಯಕ ಜಿಮ್ ಕ್ಲೈಬರ್ನ್ ಬೆಂಬಲ ಘೋಷಿಸಿದ್ದು ದೊಡ್ಡ ಕಾರಣ. ಒಬಾಮ ಜತೆ ಎಂಟು ವರ್ಷ ದುಡಿದವರು ಎಂಬ ವಿಶ್ವಾಸವೂ ಇತ್ತು. ಜತೆಗೆ, ಟ್ರಂಪ್ ಎದುರು ಬಿಳಿಯರೂ ಒಪ್ಪುವ ಗೆಲ್ಲುವ ಕುದುರೆ ಬೇಕು ಎಂಬ ಲೆಕ್ಕಾಚಾರವೂ ಇತ್ತು.

ರೆಜಿನಾ ಬೇಟ್ಸನ್ ಎಂಬ ರಾಜಕೀಯ ವಿಜ್ಞಾನಿ ಇದರ ಬಗ್ಗೆ 2020ರಲ್ಲೇ ಬರೆದಿದ್ದಾರೆ. ತಮ್ಮಲ್ಲಿ ದ್ವೇಷವಿಲ್ಲದವರೂ ಬೇರೆಯವರಲ್ಲಿ ದ್ವೇಷವಿದೆ ಎಂದು ಊಹಿಸಿ ಮಹಿಳೆಯರನ್ನು, ಕಪ್ಪು ವರ್ಣೀಯರನ್ನು ಬದಿಗಿಡುತ್ತಾರೆ ಎಂಬುದು ಅವರ ವಾದ. ‘ನನಗೇನೂ ಅಭ್ಯಂತರವಿಲ್ಲ, ಜನ ಒಪ್ಪಬೇಕಲ್ಲ!’ ಈ ಮಾತು ಆಡಿದವನಿಗೆ ತಾನು ತಾರತಮ್ಯ ಮಾಡುತ್ತಿದ್ದೇನೆ ಎಂದು ಅನ್ನಿಸುವುದೇ ಇಲ್ಲ, ಅದೇ ಇದರ ಸೊಗಸು ಮತ್ತು ಸಂಕಟ.

ಆ ಇತರರಲ್ಲಿ ದ್ವೇಷ ನಿಜಕ್ಕೂ ಎಷ್ಟಿದೆ? ನೇರವಾಗಿ ಕೇಳಿದರೆ ಇಲ್ಲವೇ ಇಲ್ಲ ಎನ್ನಬೇಕು. 1937ರಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ ಅರ್ಹ ಮಹಿಳೆಯನ್ನು ಅಧ್ಯಕ್ಷರಾಗಿ ಆರಿಸಲು ಸಿದ್ಧ ಎಂದವರು ಶೇ 33. 2020ರಲ್ಲಿ ಶೇ 93. ಆದರೆ ನಾಲ್ಕು ಜನರೆದುರು ಒಳ್ಳೆಯವರಾಗಿ ಕಾಣಿಸಿಕೊಳ್ಳುವ ಆಸೆ ಯಾರಿಗಿಲ್ಲ? ಅದನ್ನು ದಾಟಲು ಸಂಶೋಧಕರು ಹೂಡಿದ ಉಪಾಯ ಕೇಳಿ. ಒಂದು ಗುಂಪಿಗೆ ನಾಲ್ಕು ಸಂಗತಿಗಳ ಪಟ್ಟಿ ಕೊಡುತ್ತಾರೆ. ಪೆಟ್ರೋಲ್ ಬೆಲೆ ಏರುತ್ತಿರುವುದು, ಆಟಗಾರರ ದೊಡ್ಡ ದೊಡ್ಡ ಸಂಬಳ, ಸೀಟ್ ಬೆಲ್ಟ್ ಕಡ್ಡಾಯ, ಕಂಪನಿಗಳು ಮಾಡುವ ಮಾಲಿನ್ಯ. ಇವುಗಳಲ್ಲಿ ಎಷ್ಟು ನಿಮಗೆ ಸಿಟ್ಟು ತರಿಸುತ್ತವೆ? ಯಾವುದು ಎಂದು ಹೇಳಬೇಕಿಲ್ಲ, ಎಷ್ಟು ಎಂದರೆ ಸಾಕು. ಇನ್ನೊಂದು ಗುಂಪಿಗೆ ಇದೇ ಪಟ್ಟಿ, ಜತೆಗೆ ಐದನೆಯದಾಗಿ ‘ಮಹಿಳೆ ಅಧ್ಯಕ್ಷರಾಗುವುದು’. ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸವೇ ಉತ್ತರ. ಉತ್ತರಿಸಿದವನ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. 2008ರಲ್ಲಿ ಪ್ರಕಟವಾದ ಇಂಥ ಅಧ್ಯಯನದಲ್ಲಿ ನೂರಕ್ಕೆ ಸುಮಾರು 26 ಮಂದಿಗೆ ಆ ಐದನೆಯದು ಸಿಟ್ಟು ತರಿಸುತ್ತಿತ್ತು.

ಇದರ ಎದುರಿಗೆ ಇನ್ನೊಂದು ಬಗೆಯ ಪ್ರಯೋಗವಿದೆ. ಕಾಲ್ಪನಿಕ ಅಭ್ಯರ್ಥಿಗಳ ವಯಸ್ಸು, ವೃತ್ತಿ, ಲಿಂಗ, ನಿಲುವುಗಳನ್ನು ಕಲಸಿ ಜೋಡಿ ಮಾಡಿ, ಯಾರಿಗೆ ಹಾಕುತ್ತೀರಿ ಎಂದು ಕೇಳುವುದು. ಇಂಥ 67 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಶ್ವಾರ್ಜ್ ಮತ್ತು ಕಾಪೊಕ್ ಅವರಿಗೆ ಮಹಿಳೆಯರೇ ಎರಡು ಶೇಕಡಾ ಅಂಶಗಳಷ್ಟು ಮುಂದಿರುವುದು ಕಂಡಿತು. ನನಗೆ ಎರಡೂ ನಿಜವಿರಬಹುದು ಅನ್ನಿಸುತ್ತದೆ. ಸಾಮಾನ್ಯ ಸ್ಥಾನಕ್ಕೆ ಕಣ್ಣೆದುರು ನಿಂತ ಒಬ್ಬ ಅರ್ಹ ಅಭ್ಯರ್ಥಿಯನ್ನು ತೂಗುವುದು ಬೇರೆ, ಅತ್ಯುನ್ನತ ಪೀಠದಲ್ಲಿ ಹೆಣ್ಣೊಬ್ಬಳನ್ನು ಕಲ್ಪಿಸಿಕೊಳ್ಳುವುದು ಬೇರೆ.

ಇನ್ನು ಟ್ರಾನ್ಸ್ ಅಭ್ಯರ್ಥಿಗಳ ವಿಷಯ. ನೀವು ಕೇಳಿದ ಸಾರಾ ಮೆಕ್‌ಬ್ರೈಡ್ 2024ರಲ್ಲಿ ಡೆಲವೇರ್‌ನಿಂದ ಗೆದ್ದರು, ಟ್ರಾನ್ಸ್ ಎಂದು ಬಹಿರಂಗವಾಗಿ ಹೇಳಿಕೊಂಡ ಮೊದಲ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯೆ. ಆ ರಾಜ್ಯ ಡೆಮಾಕ್ರಟರಿಗೆ ಗಟ್ಟಿ ನೆಲ, ಆದ್ದರಿಂದ ನವೆಂಬರ್‌ನ ಗೆಲುವು ಅಚ್ಚರಿಯದಲ್ಲ. ನನಗೆ ಹೆಚ್ಚು ಕುತೂಹಲ ಮೂಡಿಸುವುದು 2017ರ ವರ್ಜೀನಿಯಾ. ಕಾಲು ಶತಮಾನದಿಂದ ರಿಪಬ್ಲಿಕನ್ ಶಾಸಕರಾಗಿದ್ದ ಬಾಬ್ ಮಾರ್ಷಲ್, ಟ್ರಾನ್ಸ್ ಜನರು ಯಾವ ಶೌಚಾಲಯ ಬಳಸಬೇಕೆಂದು ಕಟ್ಟುಪಾಡು ಹಾಕುವ ಮಸೂದೆ ತಂದವರು. ಅವರೆದುರು ಡೆಮಾಕ್ರಟಿಕ್ ಪಕ್ಷದಿಂದ ನಿಂತದ್ದು ಸ್ಥಳೀಯ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದ ಟ್ರಾನ್ಸ್ ಮಹಿಳೆ ಡ್ಯಾನಿಕಾ ರೋಮ್. ಮಾರ್ಷಲ್ ಚರ್ಚೆಗೆ ಬರಲು ಒಪ್ಪಲಿಲ್ಲ, ಎದುರಾಳಿಯನ್ನು ಗಂಡಸೆಂದೇ ಕರೆದರು. ರೋಮ್ ಮಾತ್ರ ತಮ್ಮ ಗುರುತನ್ನು ಮುಚ್ಚಿಡದೆ, ಅದಕ್ಕೇ ಜೋತುಬೀಳದೆ, ಹೋದಲ್ಲೆಲ್ಲ 28ನೇ ಸಂಖ್ಯೆಯ ಹೆದ್ದಾರಿಯ ಟ್ರಾಫಿಕ್ ಜಾಮ್ ಬಗ್ಗೆ ಮಾತಾಡಿದರು. ದಿನಾ ಆ ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುವವನಿಗೆ ಅಭ್ಯರ್ಥಿಯ ಲಿಂಗ ಗುರುತಿಗಿಂತ ಸಿಗ್ನಲ್ ದೊಡ್ಡದು. ಶೇ 54ರ ಹತ್ತಿರ ಮತ ಪಡೆದು ಗೆದ್ದರು. ಇಲ್ಲೂ ಪಕ್ಷವನ್ನು ಮರೆಯುವಂತಿಲ್ಲ, ಹಿಂದಿನ ವರ್ಷ ಆ ಕ್ಷೇತ್ರದಲ್ಲಿ ಹಿಲರಿ ಮುಂದಿದ್ದರು.

2024ರಲ್ಲಿ ಲಿಂಗ ಗುರುತು ಹೊಸ ರೀತಿಯಲ್ಲಿ ಬಳಕೆಯಾಯಿತು. ಟ್ರಂಪ್ ಪ್ರಚಾರದ ಜಾಹೀರಾತುಗಳು ಹ್ಯಾರಿಸ್ ಅವರ 2019ರ ಹೇಳಿಕೆಯೊಂದನ್ನು ಹಿಡಿದು, ಅವರು ಟ್ರಾನ್ಸ್ ಜನರ ಪರ, ನಿಮ್ಮ ಪರ ಅಲ್ಲ ಎಂದು ಸಾರಿದವು. ಆ ಹೇಳಿಕೆ ಜೈಲಿನಲ್ಲಿರುವ ಟ್ರಾನ್ಸ್ ಕೈದಿಗಳ ಚಿಕಿತ್ಸೆಗೆ ಸಂಬಂಧಿಸಿದ್ದು. ಕಣದಲ್ಲೇ ಇಲ್ಲದವರ ಗುರುತನ್ನು ಕಣದಲ್ಲಿದ್ದವರ ಮೇಲೆ ಎಸೆದದ್ದು ಇದು. ಎಷ್ಟು ಮತ ತಿರುಗಿತೋ ಅಳೆಯುವುದು ಕಷ್ಟ. ಮರುವರ್ಷ ವರ್ಜೀನಿಯಾದ ಗವರ್ನರ್ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ವಿನ್ಸಮ್ ಅರ್ಲ್ ಸಿಯರ್ಸ್ ಅದೇ ಬಾಣ ಬಿಟ್ಟರು, ಬಿಳಿಯ ಮಹಿಳೆ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಎದುರು ಭಾರಿ ಅಂತರದಿಂದ ಸೋತರು. ಸಿಯರ್ಸ್ ಕಪ್ಪು ವರ್ಣೀಯ ಮಹಿಳೆ. ಕಪ್ಪು ವರ್ಣೀಯರ ಬಹುಪಾಲು ಮತ ಸ್ಪ್ಯಾನ್‌ಬರ್ಗರ್ ಅವರಿಗೇ ಹೋಯಿತು. ನಿಮ್ಮ ಎರಡನೆಯ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ.

ಆದ್ದರಿಂದ ಹೆಣ್ಣಿಗೆ ಶತ್ರು ಯಾರು ಎಂದು ನವೆಂಬರ್‌ನ ಮತಗಟ್ಟೆಯಲ್ಲಿ ಹುಡುಕಬೇಡಿ. ಟಿಕೆಟ್ ಸಿಕ್ಕಿದ ಮೇಲೆ, ಅದೇ ಬಗೆಯ ಕ್ಷೇತ್ರಗಳಲ್ಲಿ, ಮಹಿಳೆಯರು ಗಂಡಸರಷ್ಟೇ ಗೆಲ್ಲುತ್ತಾರೆ ಎಂದು ಅಮೆರಿಕದ ಅಧ್ಯಯನಗಳು ದಶಕಗಳಿಂದ ಹೇಳುತ್ತಿವೆ. ಆದರೂ ಕಾಂಗ್ರೆಸ್‌ನಲ್ಲಿ ಅವರ ಪಾಲು ಮೂರರಲ್ಲಿ ಒಂದಕ್ಕಿಂತ ಕಡಿಮೆ. ಹುಡುಕಬೇಕಾದದ್ದು ಅದಕ್ಕೂ ತಿಂಗಳುಗಟ್ಟಲೆ ಮೊದಲು, ಯಾರಿಗೆ ಚೆಕ್ ಬರೆಯಬೇಕು, ಯಾರನ್ನು ನಿಲ್ಲಿ ಎಂದು ಒತ್ತಾಯಿಸಬೇಕು, ಪ್ರೈಮರಿಯಲ್ಲಿ ಯಾರಿಗೆ ಹಾಕಬೇಕು ಎಂದು ಸಜ್ಜನರೇ ಕೂತು ಜನ ಒಪ್ಪುತ್ತಾರೋ ಇಲ್ಲವೋ ಎಂದು ತಲೆ ಕೆರೆದುಕೊಳ್ಳುವ ಕಡೆ.

ಇಂತು ನಿಮ್ಮ,
ಸಂಪಾದಕ